ಆಹಾರದ ಅಲರ್ಜಿ: ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕುಟುಂಬಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಮೂರು ಜಿಲ್ಲೆಗಳ ಊಟದಲ್ಲಿ ಶೇಂಗಾ, ಎಳ್ಳು, ಕಡಲೆ, ಗೋಧಿ ಮತ್ತು ಹಾಲು ಒಂದರೊಳಗೊಂದು ಬೆರೆತಿರುತ್ತವೆ. ಎಣ್ಣೆಗಾಯಿಯ ಮಸಾಲೆಯಲ್ಲಿ ಶೇಂಗಾ, ಸಜ್ಜಿ ರೊಟ್ಟಿಯ ಮೇಲೆ ಎಳ್ಳು, ಗಿರ್ಮಿಟ್ಟಿನಲ್ಲಿ ಪುಟಾಣಿ ಹಿಟ್ಟು ಇರುವ ಊರಿನಲ್ಲಿ "ಅದೊಂದನ್ನು ಬಿಟ್ಟುಬಿಡಿ" ಎಂದು ಹೇಳುವುದು ಸುಲಭ, ಪಾಲಿಸುವುದು ಕಷ್ಟ. ಆದ್ದರಿಂದ ಬಿಡಬೇಕಾದದ್ದನ್ನು ಖಚಿತವಾಗಿ ತಿಳಿದುಕೊಂಡ ಮೇಲೆಯೇ ಬಿಡಬೇಕು, ತಿಳಿದ ಮೇಲೆ ಚೂರೂ ರಾಜಿ ಮಾಡಿಕೊಳ್ಳಬಾರದು ಎಂಬ ನಿಲುವಿನಿಂದ ಇಲ್ಲಿನ ಉತ್ತರಗಳನ್ನು ಬರೆಯಲಾಗಿದೆ. ಇವು ವೈದ್ಯರ ತಪಾಸಣೆಗೆ ಬದಲಿಯಲ್ಲ.

ಆಹಾರದ ಅಲರ್ಜಿ ಎಂದರೆ ದೇಹದಲ್ಲಿ ಏನಾಗುತ್ತದೆ?

ರೋಗಾಣುಗಳ ವಿರುದ್ಧ ಹೋರಾಡಬೇಕಾದ ರೋಗನಿರೋಧಕ ವ್ಯವಸ್ಥೆಯು ಆಹಾರದಲ್ಲಿರುವ ಯಾವುದೋ ಒಂದು ಪ್ರೋಟೀನನ್ನು ವೈರಿ ಎಂದು ತಪ್ಪಾಗಿ ಗುರುತಿಸಿ, ಅದರ ವಿರುದ್ಧ ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸಿಟ್ಟುಕೊಳ್ಳುತ್ತದೆ. ಮುಂದೆ ಅದೇ ಆಹಾರ ಹೊಟ್ಟೆಗೆ ಹೋದಾಗ ಈ ಪ್ರತಿಕಾಯಗಳು ಮಾಸ್ಟ್ ಕೋಶಗಳನ್ನು ಕೆರಳಿಸಿ, ಹಿಸ್ಟಮಿನ್ ಮುಂತಾದ ರಾಸಾಯನಿಕಗಳು ಒಮ್ಮೆಲೇ ಬಿಡುಗಡೆಯಾಗುವಂತೆ ಮಾಡುತ್ತವೆ. ಮೈ ಮೇಲೆ ಗಂಧೆ ಏಳುವುದು, ತುಟಿ ಮತ್ತು ಕಣ್ಣಿನ ರೆಪ್ಪೆ ಬಾಯುವುದು, ವಾಂತಿ, ಉಬ್ಬಸ ಎಲ್ಲವೂ ಇದರ ಪರಿಣಾಮ. ಸಾಮಾನ್ಯವಾಗಿ ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಇದು ಕಾಣಿಸಿಕೊಳ್ಳುತ್ತದೆ, ಬಹಳ ಸಣ್ಣ ಪ್ರಮಾಣವೂ ಸಾಕಾಗಬಹುದು, ಮತ್ತು ಅದೇ ಪದಾರ್ಥವನ್ನು ತಿಂದಾಗಲೆಲ್ಲ ಮರುಕಳಿಸುತ್ತದೆ.

ಐಜಿಇ ಪಾತ್ರವಿಲ್ಲದ ಇನ್ನೊಂದು ಬಗೆಯೂ ಉಂಟು. ಹಸುಗೂಸಿಗೆ ಆಕಳ ಹಾಲು ಕೊಟ್ಟ ಮೇಲೆ ಮಲದಲ್ಲಿ ರಕ್ತದ ಎಳೆ ಕಾಣುವುದು, ಅಥವಾ ಕೆಲವು ಗಂಟೆಗಳ ನಂತರ ಮಗು ಬಿಟ್ಟೂಬಿಡದೆ ವಾಂತಿ ಮಾಡಿಕೊಂಡು ಸುಸ್ತಾಗುವುದು ಆ ಗುಂಪಿಗೆ ಸೇರುತ್ತದೆ. ಇದನ್ನು ಮಕ್ಕಳ ತಜ್ಞರೇ ನೋಡಬೇಕು. ಐಜಿಇ ಅಳೆಯುವ ರಕ್ತ ಪರೀಕ್ಷೆಯಲ್ಲಿ ಇದು ಸಿಗುವುದಿಲ್ಲ.

ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುತ್ತದೆ, ಆದರೆ ಮಜ್ಜಿಗೆ ಒಗ್ಗುತ್ತದೆ. ಇದು ಅಲರ್ಜಿಯೇ?

ಬಹುಮಟ್ಟಿಗೆ ಅಲ್ಲ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಅರಗಿಸುವ ಕಿಣ್ವವು ದೊಡ್ಡವರಾಗುತ್ತ ಕಡಿಮೆಯಾಗುವುದರಿಂದ ಹೀಗಾಗುತ್ತದೆ. ಹೆಪ್ಪು ಹಾಕಿದಾಗ ಲ್ಯಾಕ್ಟೋಸಿನ ಒಂದಷ್ಟು ಭಾಗ ಕರಗಿಹೋಗುವುದರಿಂದ ಮೊಸರು, ಮಜ್ಜಿಗೆ ತೊಂದರೆ ಕೊಡುವುದಿಲ್ಲ. ಕಿರಿಕಿರಿಯ ಸಂಗತಿ ಹೌದು, ಪ್ರಾಣಾಪಾಯವಿಲ್ಲ. ಹಾಲಿನ ಅಲರ್ಜಿ ಇರುವವರಿಗಾದರೋ ಮಜ್ಜಿಗೆಯೂ ಆಗುವುದಿಲ್ಲ, ಬೆಳಗಾವಿ ಕುಂದಾದ ಒಂದು ತುಣುಕೂ ಆಗುವುದಿಲ್ಲ.

ಹಾಗೆಯೇ ಲಗ್ನದ ಊಟವಾದ ಮೇಲೆ ಒಂದೇ ಪಂಕ್ತಿಯ ಹತ್ತಾರು ಜನರಿಗೆ ವಾಂತಿ, ಭೇದಿ ಆದರೆ ಅದು ಕೆಟ್ಟ ಆಹಾರದ ತೊಂದರೆ. ಗೋವಾ, ಕಾರವಾರದ ಕಡೆಯಿಂದ ಬರುವ ಬಂಗುಡೆಯಂತಹ ಮೀನು ದಾರಿಯಲ್ಲಿ ಸರಿಯಾದ ಮಂಜುಗಡ್ಡೆಯಿಲ್ಲದೆ ಉಳಿದರೆ ಅದರಲ್ಲಿಯೇ ಹಿಸ್ಟಮಿನ್ ಉತ್ಪತ್ತಿಯಾಗುತ್ತದೆ; ತಿಂದವರ ಮುಖ ಕೆಂಪಾಗಿ ಮೈ ತುರಿಸುವುದು ಅಲರ್ಜಿಯಂತೆಯೇ ಕಂಡರೂ ಅದು ಅವರ ದೇಹದ ದೋಷವಲ್ಲ, ಮೀನಿನದು. ಬೇಯಿಸಿದರೂ ಆ ಹಿಸ್ಟಮಿನ್ ಹೋಗುವುದಿಲ್ಲ.

ಯಾವ ಲಕ್ಷಣ ಕಂಡರೆ ತುರ್ತು ಎಂದು ತಿಳಿಯಬೇಕು?

ಚರ್ಮದ ಗಂಧೆಯೊಂದೇ ಇದ್ದರೆ ಸಾಮಾನ್ಯವಾಗಿ ಕಾದು ನೋಡಬಹುದು. ಆದರೆ ಅದರ ಜೊತೆಗೆ ಧ್ವನಿ ಒಡೆಯುವುದು, ಗಂಟಲು ಬಿಗಿಯುವುದು, ಬಿಡದ ಕೆಮ್ಮು ಅಥವಾ ಉಬ್ಬಸ, ಮೇಲಿಂದ ಮೇಲೆ ವಾಂತಿ, ತಲೆಸುತ್ತು, ಮೈ ತಣ್ಣಗಾಗಿ ಬಿಳಿಚಿಕೊಳ್ಳುವುದು, ಚಿಕ್ಕ ಮಕ್ಕಳಾದರೆ ಇದ್ದಕ್ಕಿದ್ದಂತೆ ಜೋಲು ಬೀಳುವುದು ಇವುಗಳಲ್ಲಿ ಯಾವುದಾದರೂ ಸೇರಿಕೊಂಡರೆ ಅದನ್ನು ಅನಾಫಿಲ್ಯಾಕ್ಸಿಸ್, ಅಂದರೆ ಜೀವಕ್ಕೇ ಅಪಾಯ ತರಬಲ್ಲ ತೀವ್ರ ಅಲರ್ಜಿ ಎಂದು ಪರಿಗಣಿಸಬೇಕು. ಅಲರ್ಜಿ ಇದೆಯೆಂದು ಗೊತ್ತಿರುವ ಪದಾರ್ಥವನ್ನು ತಿಂದ ಮೇಲೆ ಗಂಧೆಯೇ ಇಲ್ಲದೆ ಬರೀ ಉಸಿರಾಟದ ತೊಂದರೆ ಅಥವಾ ಕುಸಿದುಬೀಳುವುದು ಕಂಡರೂ ಅದೇ ಮಾತು. "ಮೈ ಮೇಲೆ ಏನೂ ಎದ್ದಿಲ್ಲ, ಹಾಗಾದರೆ ಅಲರ್ಜಿ ಇರಲಿಕ್ಕಿಲ್ಲ" ಎಂಬ ಸಮಾಧಾನ ಅಪಾಯಕಾರಿ.

ಆ ಹೊತ್ತಿನಲ್ಲಿ ಮನೆಯವರು ಏನು ಮಾಡಬೇಕು?

ಅಡ್ರಿನಲಿನ್ ಇಂಜೆಕ್ಷನ್ ಕೈಯಲ್ಲಿದ್ದರೆ, ಕೊಡಲು ಕಲಿತಿದ್ದರೆ, ಮೊದಲು ಅದನ್ನು ಕೊಡಬೇಕು; ತೊಡೆಯ ಹೊರಬದಿಯ ಮಧ್ಯದ ಸ್ನಾಯುವಿಗೆ, ಅಗತ್ಯವಿದ್ದರೆ ಬಟ್ಟೆಯ ಮೇಲಿನಿಂದಲೇ. ಕೂಡಲೇ 108ಕ್ಕೆ ಕರೆ ಮಾಡಬೇಕು. ಅಡ್ರಿನಲಿನ್ ಇಲ್ಲದಿದ್ದರೆ ಅದು ಇರುವ ಅತ್ಯಂತ ಹತ್ತಿರದ ಜಾಗವೇ ನಿಮ್ಮ ಗುರಿ. ದೂರದ ದೊಡ್ಡ ಆಸ್ಪತ್ರೆಗೆ ನೇರವಾಗಿ ಹೊರಡುವ ಬದಲು ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುವುದು ಮೇಲು, ಏಕೆಂದರೆ ಲಸಿಕೆಯ ಅಡ್ಡಪರಿಣಾಮವನ್ನು ಎದುರಿಸಲೆಂದೇ ಅಲ್ಲಿ ಅಡ್ರಿನಲಿನ್ ಇಟ್ಟಿರಬೇಕಾಗುತ್ತದೆ.

ರೋಗಿಯನ್ನು ಅಂಗಾತ ಮಲಗಿಸಿ ಕಾಲುಗಳನ್ನು ಎತ್ತರಿಸಿಡಬೇಕು. ಉಸಿರಾಟಕ್ಕೆ ಕಷ್ಟವಾಗುತ್ತಿದ್ದರೆ ಒರಗಿ ಕೂರಿಸಬಹುದು, ವಾಂತಿಯಾಗುತ್ತಿದ್ದರೆ ಮಗ್ಗುಲಿಗೆ ಮಲಗಿಸಬೇಕು. ರಕ್ತದೊತ್ತಡ ಕುಸಿದಿರುವ ವ್ಯಕ್ತಿಯನ್ನು ಥಟ್ಟನೆ ಎಬ್ಬಿಸಿ ನಿಲ್ಲಿಸಿದರೆ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ಜೀವಕ್ಕೇ ಎರವಾಗಬಹುದು. ನಮ್ಮ ಹಳ್ಳಿಗಳಲ್ಲಿ ರೋಗಿಯನ್ನು ಬೈಕಿನ ಮೇಲೆ ಇಬ್ಬರ ನಡುವೆ ನೆಟ್ಟಗೆ ಕೂರಿಸಿಕೊಂಡು ದವಾಖಾನೆಗೆ ಒಯ್ಯುವ ರೂಢಿ ಇದೆ. ಸಣ್ಣಪುಟ್ಟ ಕಾಯಿಲೆಗೆ ಅದು ನಡೆದೀತು, ಇದಕ್ಕೆ ಬೇಡ. ಕಾರು ಅಥವಾ ಮಲಗಿಸಿಕೊಂಡು ಹೋಗಬಹುದಾದ ಯಾವುದೇ ಗಾಡಿಯನ್ನು ಹುಡುಕಿ. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಲು ಹೋಗಬೇಡಿ, ಬಾಯಿಗೆ ಏನನ್ನೂ ಹಾಕಬೇಡಿ.

ಸುಧಾರಿಸಿದಂತೆ ಕಂಡರೂ ಆಸ್ಪತ್ರೆಯಿಂದ ಕೂಡಲೇ ಹೊರಡಬಾರದು. ಕೆಲವರಲ್ಲಿ ಕೆಲವು ಗಂಟೆಗಳ ನಂತರ ಲಕ್ಷಣಗಳು ಎರಡನೆಯ ಸಲ ಮರಳುತ್ತವೆ.

ಎವಿಲ್ ಇಂಜೆಕ್ಷನ್ ಕೊಡಿಸಿದರೆ ಸಾಲುವುದಿಲ್ಲವೇ? ನಮ್ಮೂರ ಡಾಕ್ಟರು ಅದನ್ನೇ ಕೊಡುತ್ತಾರೆ.

ತುರಿಕೆಗೆ, ಗಂಧೆಗೆ ಸಾಲುತ್ತದೆ. ಅನಾಫಿಲ್ಯಾಕ್ಸಿಸ್‌ಗೆ ಸಾಲುವುದಿಲ್ಲ. ಎವಿಲ್, ಸಿಟ್ರಿಜಿನ್ ಮುಂತಾದವು ಹಿಸ್ಟಮಿನ್ ಒಂದನ್ನು ತಡೆಯುತ್ತವೆಯೇ ಹೊರತು ಕುಸಿದ ರಕ್ತದೊತ್ತಡವನ್ನು ಎತ್ತುವುದಿಲ್ಲ, ಬಿಗಿದ ಶ್ವಾಸನಾಳವನ್ನು ಸಡಿಲಿಸುವುದಿಲ್ಲ. ಡೆಕ್ಸಾ, ಹೈಡ್ರೋಕಾರ್ಟಿಸೋನ್‌ನಂತಹ ಸ್ಟೆರಾಯ್ಡ್‌ಗಳು ಕೆಲಸ ಆರಂಭಿಸಲು ಗಂಟೆಗಟ್ಟಲೆ ಬೇಕು. ಜೀವ ಉಳಿಸುವ ಮೊದಲ ಔಷಧ ಅಡ್ರಿನಲಿನ್ ಒಂದೇ. ಅದರ ಪ್ರಮಾಣ ದೇಹದ ತೂಕದ ಪ್ರತಿ ಕಿಲೋಗೆ 0.01 ಮಿ.ಗ್ರಾಂ., ಅಂದರೆ ಮಿಲಿಲೀಟರಿಗೆ 1 ಮಿ.ಗ್ರಾಂ. ಇರುವ ಸಾಮಾನ್ಯ ಆಂಪೂಲಿನಿಂದ (ಔಷಧದ ಸಣ್ಣ ಗಾಜಿನ ಸೀಸೆ) 15 ಕಿಲೋ ತೂಕದ ಮಗುವಿಗೆ 0.15 ಮಿ.ಲೀ.; ದೊಡ್ಡವರಿಗೆ ಹೆಚ್ಚೆಂದರೆ 0.5 ಮಿ.ಲೀ. ಸುಧಾರಿಸದಿದ್ದರೆ 5ರಿಂದ 15 ನಿಮಿಷದ ನಂತರ ಇನ್ನೊಮ್ಮೆ ಕೊಡಬಹುದು. ಸ್ನಾಯುವಿಗೆ ಸರಿಯಾದ ಪ್ರಮಾಣದಲ್ಲಿ ಕೊಟ್ಟಾಗ ಎದೆ ಬಡಿತ ಹೆಚ್ಚುವುದು, ಕೈ ನಡುಗುವುದು ಆಗುತ್ತದೆ, ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಅಡ್ರಿನಲಿನ್ ಎಂದರೆ ಹೃದಯ ನಿಂತಾಗ ಮಾತ್ರ ಕೊಡುವ ಕೊನೆಯ ಔಷಧ ಎಂಬ ಭಯ ಇನ್ನೂ ಹಲವರಲ್ಲಿ ಉಳಿದುಕೊಂಡಿರುವುದು ದುರದೃಷ್ಟಕರ. ಸಾವುಗಳ ಹಿಂದೆ ಮತ್ತೆ ಮತ್ತೆ ಕಾಣುವುದು ಅಡ್ರಿನಲಿನ್ ಕೊಡಲು ಮಾಡಿದ ತಡ.

ಹೊರದೇಶದಲ್ಲಿ ಪೆನ್ನಿನಂತಹ ಇಂಜೆಕ್ಷನ್ ಇಟ್ಟುಕೊಳ್ಳುತ್ತಾರಂತೆ. ನಮಗೆ ಸಿಗುತ್ತದೆಯೇ?

ಆ ಸ್ವಯಂಚಾಲಿತ ಪೆನ್ನುಗಳು ಭಾರತದಲ್ಲಿ ಸುಲಭವಾಗಿ ದೊರೆಯುವುದಿಲ್ಲ, ತರಿಸಿಕೊಂಡರೂ ದುಬಾರಿ. ಹಾಗಾಗಿ ತೀವ್ರ ಅಲರ್ಜಿ ಇರುವವರಿಗೆ ಕೆಲವು ವೈದ್ಯರು ಆಂಪೂಲ್ ಮತ್ತು ಸಿರಿಂಜನ್ನೇ ಬರೆದುಕೊಟ್ಟು, ಎಷ್ಟು ಎಳೆದುಕೊಳ್ಳಬೇಕು ಎಂಬ ಗೆರೆಯನ್ನು ಗುರುತು ಮಾಡಿ, ಮನೆಯ ಇಬ್ಬರಿಗಾದರೂ ಕಲಿಸಿ ಕಳುಹಿಸುತ್ತಾರೆ. ಆಂಪೂಲಿನ ಬೆಲೆ ಅತ್ಯಲ್ಪ. ತೊಂದರೆ ಇರುವುದು ಅದನ್ನು ಕಾಪಾಡುವುದರಲ್ಲಿ: ಅಡ್ರಿನಲಿನ್ ಬಿಸಿಗೂ ಬೆಳಕಿಗೂ ಕೆಡುತ್ತದೆ. ವಿಜಯಪುರದ ಏಪ್ರಿಲ್, ಮೇ ಬಿಸಿಲಿನಲ್ಲಿ ಬೈಕಿನ ಡಿಕ್ಕಿಯಲ್ಲಿಯೋ ಟ್ರ್ಯಾಕ್ಟರಿನ ಪೆಟ್ಟಿಗೆಯಲ್ಲಿಯೋ ಇಟ್ಟ ಔಷಧವನ್ನು ನಂಬುವಂತಿಲ್ಲ. ಮನೆಯ ತಂಪಾದ ಕತ್ತಲೆಯ ಜಾಗದಲ್ಲಿಡಿ, ಹೆಪ್ಪುಗಟ್ಟಲು ಬಿಡಬೇಡಿ, ದ್ರಾವಣ ಕಂದು ಬಣ್ಣಕ್ಕೆ ತಿರುಗಿದ್ದರೆ ಅಥವಾ ಅವಧಿ ಮುಗಿದಿದ್ದರೆ ಹೊಸದು ತನ್ನಿ. ಮೂಗಿಗೆ ಸಿಂಪಡಿಸುವ ಅಡ್ರಿನಲಿನ್‌ಗೆ ಅಮೆರಿಕದಲ್ಲಿ 2024ರ ಆಗಸ್ಟ್‌ನಲ್ಲಿ ಅನುಮತಿ ದೊರೆತಿದೆ.

ಗಂಧೆ ಎದ್ದಾಗ ಅಮಸೂಲದ ನೀರು ಹಚ್ಚುವುದು, ಕಂಬಳಿ ಹೊದಿಸುವುದು ತಪ್ಪೇ?

ತುರಿಕೆ ಮಾತ್ರ ಇರುವಾಗ ತಣ್ಣನೆಯ ಅಮಸೂಲದ ನೀರು ಹಿತವೆನಿಸಬಹುದು, ಅದರಿಂದ ಕೇಡಿಲ್ಲ. ಕಂಬಳಿಯ ಬಿಸಿ ಮತ್ತು ತಿಕ್ಕಾಟದಿಂದ ಗಂಧೆ ಹೆಚ್ಚುವುದೇ ಸಾಮಾನ್ಯ. ಮೇಲೆ ಹೇಳಿದ ಅಪಾಯದ ಲಕ್ಷಣಗಳಿದ್ದಾಗ ಎರಡೂ ಸಮಯ ಹಾಳು.

ತಿಂಗಳುಗಟ್ಟಲೆ ದಿನಾ ಗಂಧೆ ಏಳುತ್ತಿದೆ. ಯಾವ ಆಹಾರ ಬಿಡಬೇಕು?

ಆರು ವಾರಕ್ಕೂ ಮೀರಿ ಮುಂದುವರಿಯುವ ಗಂಧೆಗೆ ಆಹಾರವು ಕಾರಣವಾಗಿರುವುದು ತೀರಾ ವಿರಳ. ಬದನೆಕಾಯಿ, ಶೇಂಗಾ, ಮೊಸರು, ಹುಳಿ ಎಂದು ಒಂದೊಂದನ್ನೇ ಬಿಡುತ್ತ ಕೊನೆಗೆ ಬರೀ ರೊಟ್ಟಿ, ಬೇಳೆಯ ಮೇಲೆ ಬದುಕುವ ಜನರಿದ್ದಾರೆ. ಗಂಧೆ ಮಾತ್ರ ಹೋಗಿರುವುದಿಲ್ಲ. ಚರ್ಮರೋಗ ತಜ್ಞರು ಕೊಡುವ ನಿತ್ಯದ ಮಾತ್ರೆಯಿಂದ ಹೆಚ್ಚಿನವರಿಗೆ ಹತೋಟಿ ಸಿಗುತ್ತದೆ.

ನೂರಾರು ಪದಾರ್ಥಗಳ ರಕ್ತ ಪರೀಕ್ಷೆ ಮಾಡಿಸಿದೆವು. ಹತ್ತಕ್ಕೂ ಹೆಚ್ಚು ಪದಾರ್ಥಗಳಿಗೆ ಪಾಸಿಟಿವ್ ಬಂದಿದೆ. ಎಲ್ಲವನ್ನೂ ಬಿಡಬೇಕೇ?

ಬೇಡ. ಈ ಪುಟದ ಉಳಿದುದೆಲ್ಲವನ್ನು ಮರೆತರೂ ಇದೊಂದು ಉತ್ತರವನ್ನು ನೆನಪಿಡುವುದು ಒಳ್ಳೆಯದು.

ರಕ್ತದಲ್ಲಿ ಒಂದು ಪದಾರ್ಥದ ವಿರುದ್ಧ ಐಜಿಇ ಇರುವುದಕ್ಕೂ ಆ ಪದಾರ್ಥ ತಿಂದಾಗ ತೊಂದರೆಯಾಗುವುದಕ್ಕೂ ಬಹಳ ಅಂತರವಿದೆ. ಈ ಅಂತರ ಎಷ್ಟು ದೊಡ್ಡದು ಎಂಬುದಕ್ಕೆ ನಮ್ಮ ರಾಜ್ಯದ್ದೇ ಪುರಾವೆ ಇದೆ. ಬೆಂಗಳೂರು ಮತ್ತು ಮೈಸೂರು ಭಾಗದ ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ, ಆಹಾರದ ಅಲರ್ಜಿ ಕುರಿತ ಯೂರೋಪ್ರಿವಾಲ್ ಎಂಬ ಅಧ್ಯಯನದಲ್ಲಿ ಶೇ. 26.5 ಜನರ ರಕ್ತದಲ್ಲಿ ಯಾವುದಾದರೊಂದು ಆಹಾರದ ವಿರುದ್ಧ ಐಜಿಇ ಕಂಡುಬಂದರೂ, ತಿಂದಾಗ ಲಕ್ಷಣ ಮತ್ತು ಐಜಿಇ ಎರಡೂ ಹೊಂದಿಕೆಯಾಗಿ ಅಲರ್ಜಿ ಇರಬಹುದು ಎನ್ನುವಂತಿದ್ದವರು ಶೇ. 1.2 ಮಾತ್ರ. ಅಂದರೆ ಬರೀ ಪರೀಕ್ಷೆಯ ಕಾಗದವನ್ನು ನೋಡಿ ತೀರ್ಮಾನಿಸಿದ್ದರೆ ಪ್ರತಿ ನಾಲ್ವರಲ್ಲಿ ಒಬ್ಬರ ತಟ್ಟೆಯಿಂದ ಏನನ್ನಾದರೂ ಕಾರಣವಿಲ್ಲದೆ ಕಿತ್ತುಕೊಳ್ಳಬೇಕಾಗುತ್ತಿತ್ತು. ಕಾಳು, ಬೇಳೆಗಳ ಪ್ರೋಟೀನುಗಳು ಒಂದನ್ನೊಂದು ಹೋಲುವುದರಿಂದ ಶೇಂಗಾದ ಅಲರ್ಜಿ ಇರುವವರ ರಕ್ತದಲ್ಲಿ ತೊಗರಿ, ಹೆಸರು, ಕಡಲೆಗಳಿಗೂ ಪಾಸಿಟಿವ್ ಬರುವುದುಂಟು. ಅವರಲ್ಲಿ ಬಹುತೇಕರು ಆ ಬೇಳೆಗಳನ್ನು ನಿತ್ಯವೂ ಆರಾಮಾಗಿ ಉಣ್ಣುತ್ತಿರುತ್ತಾರೆ. ತಿಂದು ಒಗ್ಗುತ್ತಿರುವ ಪದಾರ್ಥವನ್ನು ಕಾಗದ ನೋಡಿ ಬಿಡಿಸುವುದರಿಂದ ಮಗುವಿನ ಪೋಷಣೆ ಕುಂದುವುದಷ್ಟೇ ಅಲ್ಲ, ಬಹುಕಾಲ ಬಿಟ್ಟು ಮತ್ತೆ ಕೊಟ್ಟಾಗ ನಿಜವಾದ ಅಲರ್ಜಿಯೇ ಹುಟ್ಟಿಕೊಳ್ಳುವ ಸಾಧ್ಯತೆಯೂ ಇದೆ.

ಐಜಿಜಿ ಎಂಬ ಇನ್ನೊಂದು ಬಗೆಯ ಪ್ರತಿಕಾಯವನ್ನು ಅಳೆದು "ಆಹಾರ ಅಸಹಿಷ್ಣುತೆ" ತಿಳಿಸುತ್ತೇವೆನ್ನುವ ಪರೀಕ್ಷೆಗಳಂತೂ ಹಣ ದಂಡ. ಐಜಿಜಿ ಇದ್ದರೆ ಆ ಆಹಾರವನ್ನು ನೀವು ತಿಂದಿದ್ದೀರಿ ಎಂದಷ್ಟೇ ಅರ್ಥ. ಯೂರೋಪ್ ಮತ್ತು ಅಮೆರಿಕದ ಅಲರ್ಜಿ ವೈದ್ಯರ ಸಂಘಟನೆಗಳು ಇದನ್ನು ಮಾಡಿಸಬಾರದು ಎಂದು ಸ್ಪಷ್ಟವಾಗಿ ಹೇಳಿವೆ.

ಹಾಗಾದರೆ ಅಲರ್ಜಿಯನ್ನು ಪತ್ತೆ ಹಚ್ಚುವುದು ಹೇಗೆ?

ಮೊದಲು ನಿಮ್ಮ ಮಾತಿನಿಂದ. ಏನು ತಿಂದಿರಿ, ಎಷ್ಟು, ಎಷ್ಟು ಹೊತ್ತಿನ ಮೇಲೆ ಏನಾಯಿತು, ಅದೇ ಪದಾರ್ಥ ಹಿಂದೆ ಒಗ್ಗಿತ್ತೇ, ಅಂದು ಜ್ವರವಿತ್ತೇ, ನೋವಿನ ಮಾತ್ರೆ ನುಂಗಿದ್ದಿರೇ ಎಂಬುದನ್ನು ಬರೆದಿಟ್ಟುಕೊಂಡು ಹೋಗಿ. ಗಂಧೆ, ಬಾವು ಎದ್ದಾಗ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಏಕೆಂದರೆ ವೈದ್ಯರನ್ನು ಕಾಣುವಷ್ಟರಲ್ಲಿ ಅದು ಮಾಯವಾಗಿರುತ್ತದೆ. ಆ ವಿವರದಿಂದ ಅನುಮಾನ ಬಂದ ಒಂದೆರಡು ಪದಾರ್ಥಗಳಿಗೆ ಮಾತ್ರ ಚರ್ಮದ ಚುಚ್ಚು ಪರೀಕ್ಷೆ ಅಥವಾ ಐಜಿಇ ರಕ್ತ ಪರೀಕ್ಷೆ ಮಾಡಿಸಬೇಕು. ಚರ್ಮದ ಪರೀಕ್ಷೆಗೆ ಮೊದಲು ಸಿಟ್ರಿಜಿನ್‌ನಂತಹ ಮಾತ್ರೆಗಳನ್ನು ಸುಮಾರು ಒಂದು ವಾರ ನಿಲ್ಲಿಸಬೇಕಾಗುತ್ತದೆ. ಇನ್ನೂ ಗೊಂದಲ ಉಳಿದರೆ ಆಸ್ಪತ್ರೆಯಲ್ಲಿ ವೈದ್ಯರ ಕಣ್ಣೆದುರು ಆ ಪದಾರ್ಥವನ್ನು ಚೂರುಚೂರೇ ಹೆಚ್ಚಿಸುತ್ತ ತಿನ್ನಿಸಿ ನೋಡುವ ಪರೀಕ್ಷೆಯೇ ಕೊನೆಯ ಮಾತು. ಇದನ್ನು ಮನೆಯಲ್ಲಿ ಪ್ರಯತ್ನಿಸುವಂತಿಲ್ಲ. ಮೂರೂ ಜಿಲ್ಲಾ ಕೇಂದ್ರಗಳಲ್ಲಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿರುವುದರಿಂದ ಅಲ್ಲಿನ ಮಕ್ಕಳ ವಿಭಾಗ ಅಥವಾ ಚರ್ಮರೋಗ ವಿಭಾಗದಲ್ಲಿ ಮೊದಲು ವಿಚಾರಿಸಬಹುದು.

ನಮ್ಮ ಕಡೆಯ ಊಟದಲ್ಲಿ ಯಾವ ಯಾವ ಪದಾರ್ಥಗಳು ಅಲರ್ಜಿ ಉಂಟುಮಾಡಬಲ್ಲವು?

ಜಗತ್ತಿನಾದ್ಯಂತ ಹೆಚ್ಚು ಕಾಣುವವು ಹಾಲು, ಮೊಟ್ಟೆ, ಶೇಂಗಾ, ಗೋಡಂಬಿ ಬಾದಾಮಿಯಂತಹ ಬೀಜಗಳು, ಮೀನು, ಸಿಗಡಿ, ಗೋಧಿ, ಸೋಯಾ ಮತ್ತು ಎಳ್ಳು. ಭಾರತದಲ್ಲಿ ಇವುಗಳ ಜೊತೆಗೆ ಕಡಲೆಯ ಅಲರ್ಜಿಯೂ ವೈದ್ಯರ ಗಮನಕ್ಕೆ ಬಂದಿದೆ; ಮಿರ್ಚಿ ಭಜಿ, ಝುಣಕ, ಹೋಳಿಗೆಯ ಹೂರಣ, ಪುಟಾಣಿ ಚಟ್ನಿ ಎಲ್ಲವೂ ಕಡಲೆಯೇ ಎಂಬುದು ನೆನಪಿರಲಿ. ಬದನೆಕಾಯಿ ತಿಂದರೆ ಬಾಯಿ, ಗಂಟಲು ತುರಿಸುತ್ತದೆ ಎನ್ನುವವರನ್ನು ಅಜ್ಜಿಯರ ಪಥ್ಯದ ಮಾತೆಂದು ತಳ್ಳಿಹಾಕಬಾರದು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ಸಂಶೋಧಕರು ಬದನೆಕಾಯಿಯ ಅಲರ್ಜಿಯನ್ನು ಅಧ್ಯಯನ ಮಾಡಿ 2008ರಲ್ಲಿ ಪ್ರಕಟಿಸಿದ್ದಾರೆ.

ಕಷ್ಟವಿರುವುದು ಅಡಗಿರುವ ಪದಾರ್ಥಗಳಲ್ಲಿ. ಖಾನಾವಳಿಯ ಎಣ್ಣೆಗಾಯಿಯನ್ನು ನೋಡಿ: ಬದನೆಕಾಯಿಯನ್ನು ನಾಲ್ಕು ಸೀಳಾಗಿ ಕೊರೆದು ಅದರೊಳಗೆ ತುಂಬುವ ಮಸಾಲೆಯಲ್ಲಿ ಹುರಿದ ಶೇಂಗಾ, ಎಳ್ಳು ಅಥವಾ ಗುರೆಳ್ಳು, ಒಣಕೊಬ್ಬರಿ ಎಲ್ಲವೂ ಅರೆದು ಒಂದಾಗಿರುತ್ತವೆ, ಬೆಂದ ಮೇಲೆ ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಪಲ್ಯದ ರಸ ಗಟ್ಟಿಯಾಗಲೆಂದು ಕೊನೆಯಲ್ಲಿ ಒಂದು ಮುಷ್ಟಿ ಶೇಂಗಾ ಪುಡಿ ಉದುರಿಸುವುದನ್ನು ಅಡುಗೆಯವರು ಹೇಳಬೇಕಾದ ಸಂಗತಿ ಎಂದೇ ಭಾವಿಸುವುದಿಲ್ಲ. ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿಗಳಿಗೆ ಒಂದೇ ಚಮಚ ಓಡಾಡುತ್ತದೆ. ಗೋಕಾಕ ಮತ್ತು ಅಮೀನಗಡದ ಕರದಂಟಿನಲ್ಲಿ ಅಂಟು, ಬೆಲ್ಲ, ಕೊಬ್ಬರಿಯ ಜೊತೆಗೆ ಗೋಡಂಬಿ, ಬಾದಾಮಿಯೂ ಇರುತ್ತವೆ. ಗೋಡಂಬಿಯ ಅಲರ್ಜಿ ಇರುವವರಿಗೆ ಪಿಸ್ತಾ ಕೂಡ ಆಗದಿರುವುದು ಹೆಚ್ಚು, ಏಕೆಂದರೆ ಎರಡೂ ಒಂದೇ ಸಸ್ಯ ಕುಟುಂಬದವು.

ಆಕಳ ಹಾಲು ಆಗದ ಮಗುವಿಗೆ ಎಮ್ಮೆ ಹಾಲು ಅಥವಾ ಆಡಿನ ಹಾಲು ಕೊಡಬಹುದೇ?

ಕೊಡಬಾರದು. ಮೂರರ ಪ್ರೋಟೀನುಗಳೂ ಬಹುಪಾಲು ಒಂದೇ ರೀತಿಯವಾಗಿದ್ದು, ಆಕಳ ಹಾಲಿನ ಅಲರ್ಜಿ ಇರುವ ಹೆಚ್ಚಿನ ಮಕ್ಕಳು ಉಳಿದೆರಡಕ್ಕೂ ಪ್ರತಿಕ್ರಿಯೆ ತೋರಿಸುತ್ತಾರೆ. ತಾಯಿಯ ಹಾಲು ಮುಂದುವರಿಯಬೇಕು. ಪುಡಿ ಹಾಲು ಅನಿವಾರ್ಯವಾದರೆ ಪ್ರೋಟೀನನ್ನು ಒಡೆದು ತಯಾರಿಸಿದ ವಿಶೇಷ ಬಗೆಯನ್ನು ಮಕ್ಕಳ ವೈದ್ಯರು ಬರೆದುಕೊಡುತ್ತಾರೆ.

ಗೋಧಿ ಆಗದವರು ಜೋಳದ ರೊಟ್ಟಿ ತಿನ್ನಬಹುದಲ್ಲವೇ?

ತಿನ್ನಬಹುದು. ಈ ವಿಷಯದಲ್ಲಿ ನಮ್ಮ ಭಾಗದವರು ಅದೃಷ್ಟವಂತರು: ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಜೋಳ, ಸಜ್ಜೆ ಎರಡರಲ್ಲಿಯೂ ಇಲ್ಲ. ಆದರೆ ಗೋಧಿಯ ಅಲರ್ಜಿ ಬೇರೆ, ಸೀಲಿಯಾಕ್ ಕಾಯಿಲೆ ಬೇರೆ. ಮೊದಲನೆಯದು ತಿಂದ ಕೂಡಲೇ ಕಾಣುತ್ತದೆ. ಎರಡನೆಯದು ಗ್ಲುಟೆನ್‌ನಿಂದ ಸಣ್ಣ ಕರುಳಿನ ಒಳಪದರ ಮೆಲ್ಲಗೆ ಸವೆದು, ರಕ್ತಹೀನತೆ, ಬೆಳವಣಿಗೆ ಕುಂಠಿತವಾಗುವುದು, ತೀರದ ಭೇದಿಯಾಗಿ ಪ್ರಕಟವಾಗುವ ಜೀವನಪರ್ಯಂತದ ಕಾಯಿಲೆ. ಸೀಲಿಯಾಕ್ ಪರೀಕ್ಷೆ ಆಗುವವರೆಗೆ ಗೋಧಿಯನ್ನು ಬಿಡಬಾರದು, ಬಿಟ್ಟರೆ ಪರೀಕ್ಷೆ ತಪ್ಪು ಉತ್ತರ ಕೊಡುತ್ತದೆ.

ಇಲ್ಲಿ ತೊಡಕು ಗಿರಣಿ. ಒಂದೇ ಕಲ್ಲಿನಲ್ಲಿ ಮೊದಲು ಗೋಧಿ, ಹಿಂದೆಯೇ ನಿಮ್ಮ ಜೋಳ, ಆಮೇಲೆ ಯಾರದೋ ಕಡಲೆಬೇಳೆ ಬೀಸುತ್ತಾರೆ. ನಿಮ್ಮ ಡಬ್ಬಿಗೆ ಮೊದಲು ಬೀಳುವ ಹಿಟ್ಟು ಅರ್ಧ ಹಿಂದಿನವರದು. ಸೀಲಿಯಾಕ್ ಇರುವವರ ಮನೆಯಲ್ಲಿ ಜೋಳವನ್ನು ತೊಳೆದು ಒಣಗಿಸಿ ಮನೆಯಲ್ಲಿಯೇ ಬೀಸಿಕೊಳ್ಳುವ ಸಣ್ಣ ಯಂತ್ರಕ್ಕೆ ಖರ್ಚು ಮಾಡುವುದು ಸಾರ್ಥಕ. ಅದಾಗದಿದ್ದರೆ, ಜೋಳವನ್ನಷ್ಟೇ ಬೀಸುವ ಪ್ರತ್ಯೇಕ ಕಲ್ಲು ಇರುವ ಗಿರಣಿಯನ್ನು ಹುಡುಕಬೇಕು.

ಗೋಧಿ ಹುಗ್ಗಿ ಉಂಡು ಸುಮ್ಮನಿದ್ದರೆ ಏನೂ ಆಗುವುದಿಲ್ಲ, ಉಂಡು ಹೊಲದ ಕೆಲಸಕ್ಕೆ ಹೋದರೆ ಮೈಯೆಲ್ಲ ಗಂಧೆ ಎದ್ದು ತಲೆ ತಿರುಗುತ್ತದೆ. ಹೀಗೂ ಉಂಟೇ?

ಉಂಟು. ಗೋಧಿಯಲ್ಲಿರುವ ಒಮೆಗಾ-5 ಗ್ಲಯಡಿನ್ ಎಂಬ ಪ್ರೋಟೀನಿಗೆ ಸಂಬಂಧಿಸಿದ ಈ ಅಲರ್ಜಿಯು ಊಟದ ನಂತರದ ಕೆಲವು ಗಂಟೆಗಳಲ್ಲಿ ಮೈ ದಣಿಸಿದಾಗ ಮಾತ್ರ ಹೊರಬೀಳುತ್ತದೆ. ಕಬ್ಬು ಕಡಿಯುವುದು, ಗರಡಿಯ ತಾಲೀಮು, ಜಾತ್ರೆಯಲ್ಲಿ ಉಂಡು ನಡೆದುಕೊಂಡು ಊರಿಗೆ ಹೊರಡುವುದು ಯಾವುದೂ ನೆಪವಾಗಬಹುದು. ನೋವಿನ ಮಾತ್ರೆ ಮತ್ತು ಮದ್ಯ ಇದನ್ನು ಇನ್ನಷ್ಟು ಕೆರಳಿಸುತ್ತವೆ. ಹುಗ್ಗಿ ಬೇರೆ ದಿನ ಒಗ್ಗಿದ್ದರಿಂದ ಯಾರೂ ಗೋಧಿಯನ್ನು ಅನುಮಾನಿಸುವುದಿಲ್ಲ, ಬಿಸಿಲಿಗೆ ಹೀಗಾಯಿತು ಎಂದು ವರ್ಷಗಟ್ಟಲೆ ತಳ್ಳಿಹಾಕುತ್ತಾರೆ. ಇದು ಅನಾಫಿಲ್ಯಾಕ್ಸಿಸ್ ಆಗಬಲ್ಲದು, ತಜ್ಞರಿಗೆ ತೋರಿಸಲೇಬೇಕು.

ವಿಜಯಪುರದ ಒಣದ್ರಾಕ್ಷಿ ತಿಂದರೆ ಆಸ್ತಮಾ ಹೆಚ್ಚುತ್ತದೆ. ದ್ರಾಕ್ಷಿಯ ಅಲರ್ಜಿಯೇ?

ದ್ರಾಕ್ಷಿಗಿಂತ ಮೊದಲು ಗಂಧಕವನ್ನು ಅನುಮಾನಿಸಬೇಕು. ಹಳದಿ ಹೊಳಪು ಉಳಿಯಲೆಂದು ಒಣದ್ರಾಕ್ಷಿಗೆ ಗಂಧಕದ ಹೊಗೆ ಕೊಡುವ ಪದ್ಧತಿ ಇದೆ. ಅದರಿಂದ ಉಳಿಯುವ ಸಲ್ಫೈಟ್ ಆಸ್ತಮಾ ಇರುವ ಕೆಲವರಲ್ಲಿ ಉಬ್ಬಸ ತರುತ್ತದೆ. ಗಂಧಕ ತೋರಿಸದ, ಕಂದು ಬಣ್ಣದ ದ್ರಾಕ್ಷಿಯನ್ನು ಬೆಳೆಗಾರರಿಂದಲೇ ಕೇಳಿ ಪಡೆಯಬಹುದು.

ಪೊಟ್ಟಣದ ಮೇಲೆ ಬರೆದಿರುವುದನ್ನು ನಂಬಬಹುದೇ?

ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2020ರ ನಿಯಮಗಳ ಪ್ರಕಾರ ಗ್ಲುಟೆನ್ ಇರುವ ಧಾನ್ಯ, ಸಿಗಡಿ ಜಾತಿ, ಹಾಲು, ಮೊಟ್ಟೆ, ಮೀನು, ಶೇಂಗಾ ಮತ್ತು ಬೀಜಗಳು, ಸೋಯಾ ಹಾಗೂ ಕಿಲೋಗೆ 10 ಮಿ.ಗ್ರಾಂ. ಅಥವಾ ಹೆಚ್ಚಿನ ಸಲ್ಫೈಟ್ ಇದ್ದರೆ ಪೊಟ್ಟಣದ ಮೇಲೆ ಪ್ರತ್ಯೇಕವಾಗಿ ತಿಳಿಸಬೇಕು. ಈ ಪಟ್ಟಿಯಲ್ಲಿ ಎಳ್ಳು ಇಲ್ಲ, ಕಡಲೆಯೂ ಇಲ್ಲ. ಅಮೆರಿಕದಲ್ಲಿ 2023ರ ಜನವರಿಯಿಂದ ಎಳ್ಳನ್ನು ಕಡ್ಡಾಯ ಪಟ್ಟಿಗೆ ಸೇರಿಸಿದ್ದಾರೆ. ಎಳ್ಳು ಇಷ್ಟು ಬಳಕೆಯಲ್ಲಿರುವ ನಮ್ಮ ದೇಶದಲ್ಲಿ ಅದು ಇಲ್ಲದಿರುವುದು ಸರಿಯಲ್ಲ. ಆದ್ದರಿಂದ ಎಳ್ಳಿನ ಅಲರ್ಜಿ ಇರುವವರು ಪದಾರ್ಥಗಳ ಪೂರ್ತಿ ಪಟ್ಟಿಯನ್ನೇ ಓದಬೇಕು. ಬಿಡಿಯಾಗಿ ತೂಗಿ ಕೊಡುವ ಮಿಠಾಯಿ, ಚೂಡಾಗಳಿಗೆ ಇಂತಹ ಚೀಟಿಯೇ ಇರುವುದಿಲ್ಲ.

ಶೇಂಗಾ ಎಣ್ಣೆ?

ಪೂರ್ತಿ ಸಂಸ್ಕರಿಸಿದ ಎಣ್ಣೆಯಲ್ಲಿ ಪ್ರೋಟೀನ್ ಬಹುತೇಕ ಉಳಿದಿರುವುದಿಲ್ಲ. ಗಾಣದ ಎಣ್ಣೆಯಲ್ಲಿ ಉಳಿದಿರುತ್ತದೆ, ಅದನ್ನು ಬಿಡಬೇಕು. ಶೇಂಗಾವನ್ನು ಹುರಿದರೆ, ಕುದಿಸಿದರೆ ನಿರಪಾಯವಾಗುತ್ತದೆ ಎಂಬುದು ಸುಳ್ಳು. ಹುರಿದಾಗ ಅಲರ್ಜಿಯ ಶಕ್ತಿ ಹೆಚ್ಚುವುದೇ ಉಂಟು.

ಕೂಸಿಗೆ ಅಲರ್ಜಿ ಬಾರದಂತೆ ತಡೆಯಬಹುದೇ? ಶೇಂಗಾ, ಮೊಟ್ಟೆಯನ್ನು ಎರಡು ಮೂರು ವರ್ಷ ಕೊಡದಿರುವುದು ಒಳ್ಳೆಯದಲ್ಲವೇ?

ಒಂದು ಕಾಲದಲ್ಲಿ ವೈದ್ಯರೂ ಹಾಗೆಯೇ ಹೇಳುತ್ತಿದ್ದರು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2000ದಲ್ಲಿ, ಅಲರ್ಜಿಯ ಸಂಭವ ಹೆಚ್ಚಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಶೇಂಗಾ ಬೇಡ ಎಂದಿತ್ತು, 2008ರಲ್ಲಿ ಆ ಸಲಹೆಯನ್ನು ಕೈಬಿಟ್ಟಿತು. ಲಂಡನ್ನಿನಲ್ಲಿ ಗಿಡಿಯನ್ ಲ್ಯಾಕ್ ಅವರ ತಂಡವು ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ, 4ರಿಂದ 11 ತಿಂಗಳ ವಯಸ್ಸಿನ 640 ಕೂಸುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಶೇಂಗಾ ತಿನ್ನಿಸಿತು, ಇನ್ನೊಂದಕ್ಕೆ ಬಿಡಿಸಿತು. 2015ರಲ್ಲಿ ಫಲಿತಾಂಶ ಬಂದಾಗ, ಆರಂಭದ ಚರ್ಮ ಪರೀಕ್ಷೆಯಲ್ಲಿ ಶೇಂಗಾಕ್ಕೆ ಪ್ರತಿಕ್ರಿಯೆ ತೋರಿಸದಿದ್ದ ಮಕ್ಕಳ ಪೈಕಿ ಶೇಂಗಾ ಬಿಟ್ಟವರಲ್ಲಿ ಶೇ. 13.7 ಮಂದಿಗೆ ಐದನೆಯ ವಯಸ್ಸಿಗೆ ಅಲರ್ಜಿ ಬಂದಿತ್ತು, ತಿಂದವರಲ್ಲಿ ಶೇ. 1.9 ಮಂದಿಗೆ ಮಾತ್ರ.

ಹಾಗಾಗಿ ಆರು ತಿಂಗಳಿಗೆ ತಾಯಿಯ ಹಾಲಿನ ಜೊತೆ ಮೇಲಿನ ಆಹಾರ ಆರಂಭಿಸಿದ ಮೇಲೆ, ಮನೆಯವರು ತಿನ್ನುವ ಪದಾರ್ಥವಾಗಿದ್ದರೆ ಶೇಂಗಾ, ಚೆನ್ನಾಗಿ ಬೇಯಿಸಿದ ಮೊಟ್ಟೆ, ಎಳ್ಳು ಇವನ್ನು ಒಂದೊಂದಾಗಿ, ಹಗಲಿನಲ್ಲಿ, ಮಗು ಹುಷಾರಿರುವಾಗ ಮೊದಲ ವರ್ಷದಲ್ಲಿಯೇ ಕೊಡಲು ಆರಂಭಿಸಬೇಕು. ಒಗ್ಗಿದ ಮೇಲೆ ವಾರಕ್ಕೆ ಒಂದೆರಡು ಸಲವಾದರೂ ಮುಂದುವರಿಸಬೇಕು. ಇಡೀ ಶೇಂಗಾ ಕಾಳನ್ನು ಮಾತ್ರ ಐದು ವರ್ಷದವರೆಗೆ ಕೊಡಬೇಡಿ, ಶ್ವಾಸನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಹುರಿದು ಸಿಪ್ಪೆ ತೆಗೆದು, ನುಣ್ಣಗೆ ಬೆಣ್ಣೆಯಂತೆ ಅರೆದು ರಾಗಿ ಅಂಬಲಿಯಲ್ಲಿಯೋ ಬಾಳೆಹಣ್ಣಿನಲ್ಲಿಯೋ ಕಲಸಿ ಕೊಡಿ. ತೀವ್ರ ಇಸುಬು ಇರುವ ಕೂಸಾದರೆ ಮೊದಲ ತುತ್ತಿಗೂ ಮುನ್ನ ವೈದ್ಯರನ್ನು ಕೇಳಿ.

ಇಸುಬು ಎಂದಾಗ ಇನ್ನೊಂದು ಮಾತು. ಹೊಟ್ಟೆಯ ಮೂಲಕ ಮೊದಲು ಪರಿಚಯವಾದ ಆಹಾರವನ್ನು ದೇಹ ಒಪ್ಪಿಕೊಳ್ಳುತ್ತದೆ, ಒಡೆದ ಚರ್ಮದ ಮೂಲಕ ಪರಿಚಯವಾದುದನ್ನು ವೈರಿ ಎಂದುಕೊಳ್ಳುವ ಸಾಧ್ಯತೆ ಹೆಚ್ಚು ಎಂಬುದು ಇಂದಿನ ತಿಳಿವಳಿಕೆ. ಎರೆಯುವಾಗ ಇಸುಬು ಇರುವ ಕೂಸಿನ ಮೈಗೆ ಕಡಲೆ ಹಿಟ್ಟು ಹಚ್ಚಿ ತಿಕ್ಕುವುದನ್ನು, ಗಾಣದ ಶೇಂಗಾ ಎಣ್ಣೆ ಹಚ್ಚುವುದನ್ನು ಈ ಕಾರಣಕ್ಕಾಗಿ ಬಿಡುವುದು ಲೇಸು.

ಬಾಣಂತಿ ಶೇಂಗಾ, ಹಾಲು ಬಿಟ್ಟರೆ ಕೂಸಿಗೆ ಅಲರ್ಜಿ ತಪ್ಪುತ್ತದೆಯೇ?

ತಪ್ಪುವುದಿಲ್ಲ. ಗರ್ಭಿಣಿಯಾಗಲಿ ಬಾಣಂತಿಯಾಗಲಿ ಅದಕ್ಕಾಗಿ ಪಥ್ಯ ಮಾಡಬೇಕಿಲ್ಲ. ಅಂಟಿನ ಉಂಡಿ ಧಾರಾಳವಾಗಿ ತಿನ್ನಲಿ. ಎದೆಹಾಲು ಕುಡಿಯುವ ಕೂಸಿಗೆ ಈಗಾಗಲೇ ಅಲರ್ಜಿ ಇದೆಯೆಂದು ವೈದ್ಯರು ಖಚಿತಪಡಿಸಿದ್ದರೆ ಮಾತ್ರ ಪ್ರಶ್ನೆ ಬೇರೆ.

ಹಬ್ಬ, ಬೀಗರ ಮನೆ, ಶಾಲೆ ಇವುಗಳಲ್ಲಿ ಹೇಗೆ ನಿಭಾಯಿಸಬೇಕು?

ಪಂಚಮಿಯ ಶೇಂಗಾ ಉಂಡಿ, ಎಳ್ಳುಂಡಿ. ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲಿ ಉಣ್ಣುವ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ. ಸಂಕ್ರಾಂತಿಯ ಕುಸುರೆಳ್ಳು: ನಮ್ಮ ಹಬ್ಬಗಳು ಬಹುತೇಕ ಈ ಎರಡು ಪದಾರ್ಥಗಳ ಸುತ್ತಲೇ ಇವೆ. ಕುಸುರೆಳ್ಳನ್ನು ಕೊಟ್ಟವರ ಕೈಯಿಂದ ತೆಗೆದುಕೊಳ್ಳದಿದ್ದರೆ ಅವಮಾನವೆಂದು ಭಾವಿಸುವವರಿರುವುದರಿಂದ, ಮಗುವಿಗೆ ಎರಡು ಕೈಯಲ್ಲಿ ಇಸಿದುಕೊಂಡು ನಮಸ್ಕರಿಸಿ ಅವ್ವನ ಕೈಗೆ ಕೊಡುವುದನ್ನು ಕಲಿಸಿದರೆ ಮರ್ಯಾದೆಯೂ ಉಳಿಯುತ್ತದೆ, ಬಾಯಿಗೂ ಹೋಗುವುದಿಲ್ಲ. ಆದರೆ ಆಮೇಲೆ ಕೈ ತೊಳೆಯಬೇಕು. ಸಾಬೂನು ಮತ್ತು ನೀರಿನಿಂದ ಶೇಂಗಾದ ಅಂಶ ಹೋಗುತ್ತದೆ, ಸ್ಯಾನಿಟೈಜರ್‌ನಿಂದ ಹೋಗುವುದಿಲ್ಲ.

ಬೀಗರ ಮನೆಯಲ್ಲಿ "ಸ್ವಲ್ಪ ತಿಂದರೆ ಏನಾಗ್ತೈತಿ" ಎಂಬ ಪ್ರೀತಿಯ ಒತ್ತಾಯವೇ ದೊಡ್ಡ ಅಪಾಯ. ಹಿರಿಯರಿಗೆ ಅಲರ್ಜಿ ಎಂದು ಹೇಳಿದರೆ ತುರಿಕೆ ಎಂದುಕೊಳ್ಳುತ್ತಾರೆ. ಹಿಂದಿನ ಸಲ ಉಸಿರು ಕಟ್ಟಿತ್ತು, ದವಾಖಾನೆಯಲ್ಲಿ ಇಟ್ಟಿದ್ದೆವು ಎಂದು ನಡೆದುದನ್ನು ನಡೆದಂತೆ ಹೇಳಿದರೆ ಒತ್ತಾಯ ನಿಲ್ಲುತ್ತದೆ. ಶಾಲೆ ಮತ್ತು ಅಂಗನವಾಡಿಗಳಲ್ಲಿ ಹಾಲು, ಮೊಟ್ಟೆ ಕೊಡುವುದರಿಂದ ಮುಖ್ಯ ಶಿಕ್ಷಕರಿಗೂ ಅಡುಗೆಯವರಿಗೂ ಪ್ರತ್ಯೇಕವಾಗಿ ತಿಳಿಸಬೇಕು. ಮಗುವಿನ ಫೋಟೋ, ಆಗದ ಪದಾರ್ಥ, ಅಪಾಯದ ಲಕ್ಷಣ, ಕೊಡಬೇಕಾದ ಔಷಧ, ಮನೆಯ ಫೋನ್ ನಂಬರು ಇವಿಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಅಡುಗೆ ಕೋಣೆಯಲ್ಲಿ ಅಂಟಿಸುವಂತೆ ಕೇಳಿಕೊಳ್ಳಿ. ಡಬ್ಬಿಯ ಊಟವನ್ನು ಹಂಚಿಕೊಳ್ಳದಂತೆ ಮಗುವಿಗೆ ಹೇಳುವುದಕ್ಕಿಂತ ಗೆಳೆಯರಿಗೆ ಹೇಳಿದರೆ ಹೆಚ್ಚು ಫಲ ಸಿಗುತ್ತದೆ.

ದೊಡ್ಡವರಾಗುತ್ತ ಅಲರ್ಜಿ ಹೋಗುತ್ತದೆಯೇ?

ಹಾಲು, ಮೊಟ್ಟೆ, ಗೋಧಿಯ ಅಲರ್ಜಿ ಹೆಚ್ಚಿನ ಮಕ್ಕಳಲ್ಲಿ ಬಾಲ್ಯದಲ್ಲಿಯೇ ಹೋಗುತ್ತದೆ. ಶೇಂಗಾದ್ದು ಸುಮಾರು ಐವರಲ್ಲಿ ಒಬ್ಬರಿಗೆ ಮಾತ್ರ ಹೋಗುತ್ತದೆ. ಮೀನು, ಸಿಗಡಿಯದು ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. ಹೋಗಿದೆಯೇ ಎಂಬುದನ್ನು ವೈದ್ಯರು ಆಗಾಗ ಮರುಪರೀಕ್ಷಿಸಬೇಕು. ಮೂರನೆಯ ವಯಸ್ಸಿನಲ್ಲಿ ಬರೆದುಕೊಟ್ಟ ಪಥ್ಯವನ್ನು ಹದಿನೈದರವರೆಗೆ ಕಣ್ಣುಮುಚ್ಚಿ ಪಾಲಿಸುವುದು ಅನಗತ್ಯ.

ಶಾಶ್ವತವಾಗಿ ಗುಣಪಡಿಸುವ ಚಿಕಿತ್ಸೆ ಇದೆಯೇ?

ಸದ್ಯಕ್ಕೆ ಇಲ್ಲ. ಆಗದ ಪದಾರ್ಥವನ್ನೇ ಅತಿ ಸಣ್ಣ ಪ್ರಮಾಣದಿಂದ ತಿಂಗಳುಗಟ್ಟಲೆ ಹೆಚ್ಚಿಸುತ್ತ ತಿನ್ನಿಸಿ ದೇಹವನ್ನು ಪಳಗಿಸುವ ಚಿಕಿತ್ಸೆ ಇದೆ, ಮಕ್ಕಳಿಗಾಗಿ ಅಂತಹ ಶೇಂಗಾ ಪುಡಿಯ ಔಷಧಕ್ಕೆ ಅಮೆರಿಕದಲ್ಲಿ 2020ರಲ್ಲಿ ಅನುಮತಿ ದೊರೆತಿತ್ತು. ಐಜಿಇಯನ್ನೇ ಹಿಡಿದಿಡುವ ಒಮಾಲಿಜುಮಾಬ್ ಇಂಜೆಕ್ಷನ್‌ಗೆ ಆಹಾರದ ಅಲರ್ಜಿಗಾಗಿ 2024ರ ಫೆಬ್ರುವರಿಯಲ್ಲಿ ಅಲ್ಲಿಯೇ ಅನುಮತಿ ಸಿಕ್ಕಿತು. ಎರಡೂ ಮಾಡುವುದು ಆಕಸ್ಮಿಕವಾಗಿ ಹೊಟ್ಟೆಗೆ ಹೋದ ಚೂರಿನಿಂದ ಅನಾಹುತವಾಗದಂತೆ ಮಿತಿಯನ್ನು ಏರಿಸುವ ಕೆಲಸ. ಹೋಳಿಗೆ ತಿನ್ನುವ ಸ್ವಾತಂತ್ರ್ಯವನ್ನು ಕೊಡುವುದಿಲ್ಲ. ಪಳಗಿಸುವ ಚಿಕಿತ್ಸೆಯನ್ನು ಯಾರೋ ಹೇಳಿದರೆಂದು ಮನೆಯಲ್ಲಿ ಶೇಂಗಾ ಚೂರು ನೆಕ್ಕಿಸುತ್ತ ಆರಂಭಿಸುವುದು ಅತ್ಯಂತ ಅಪಾಯಕಾರಿ.

ಮೊಟ್ಟೆಯ ಅಲರ್ಜಿ ಇರುವ ಮಗುವಿಗೆ ದಡಾರದ ಲಸಿಕೆ ಹಾಕಿಸಬಹುದೇ?

ಹಾಕಿಸಬೇಕು. ದಡಾರ–ರುಬೆಲ್ಲಾ ಲಸಿಕೆಯ ವೈರಾಣುಗಳನ್ನು ಬೆಳೆಸುವ ರೀತಿಯಿಂದಾಗಿ ಅದರಲ್ಲಿ ಮೊಟ್ಟೆಯ ಪ್ರೋಟೀನ್ ಗಣನೆಗೆ ಬರುವಷ್ಟು ಇರುವುದಿಲ್ಲ, ತೀವ್ರ ಮೊಟ್ಟೆ ಅಲರ್ಜಿ ಇರುವ ಮಕ್ಕಳಿಗೂ ಅದು ಸುರಕ್ಷಿತ. ಹಳದಿ ಜ್ವರದ ಲಸಿಕೆಗೆ ಮಾತ್ರ ಮೊದಲೇ ತಜ್ಞರನ್ನು ಕಾಣಬೇಕು. ಅದು ಆಫ್ರಿಕಾ, ದಕ್ಷಿಣ ಅಮೆರಿಕದ ಕೆಲವು ದೇಶಗಳಿಗೆ ಹೊರಟವರಿಗಷ್ಟೇ ಬೇಕಾಗುವಂಥದ್ದು.